ಬರೀ ಕರಗಿದ್ದು

ಆ ತಿರುವು ಬರುವುದಕ್ಕೆ ಮೊದಲೇ ಅವನ ಕತ್ತು ತಾನಾಗಿ ಎಡದಂಡೆಯ ಕಡೆ ಹೊರಳುತ್ತಿತ್ತು. ಬಲದಂಡೆಯ ಮೇಲೆ ಅಕ್ಕನ ಮನೆ. ಕಂಬಗಳ ಮೇಲೆ ನಿಂತ ಮರದ ಮನೆ, ಅಲ್ಲಿಂದ ಹೊಳೆಗೆ ಇಳಿಯುವ ಮೆಟ್ಟಿಲು, ಕೆಳಗೆ ದೋಣಿ ಕಟ್ಟುವ ಗೂಟ, ಇಷ್ಟನ್ನೂ ಅವನು ನೋಡದೆಯೇ ಬಲ್ಲ. ಎಡದಂಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ; ಜೊಂಡು, ಒಂದು ಕಾಲುವೆಯ ಬಾಯಿ, ಒಂದು ಬೋಳುಮರ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಆ ಬೋಳುಮರವನ್ನು ಎಷ್ಟು ಮನಸ್ಸಿಟ್ಟು ನೋಡಿದ್ದನೆಂದರೆ ಕಣ್ಣು ಮುಚ್ಚಿಕೊಂಡೇ ಅದರ ಕೊಂಬೆಗಳನ್ನು ಬರೆದು ತೋರಿಸಬಲ್ಲವನಾಗಿದ್ದ. ಅವನ ಗ್ರಹಚಾರಕ್ಕೆ ಪರೀಕ್ಷೆಗೆಂದು ನೀರು ಹಿಡಿಯುವ ಜಾಗವೂ ಅಲ್ಲೇ, ಮನೆಯ ನೇರಕ್ಕೆ, ನಡುಹೊಳೆಯಲ್ಲಿ. ಅವನು ಆರಿಸಿದ್ದಲ್ಲ. ಹಿಂದಿನವರು ಯಾರೋ ನಕ್ಷೆಯ ಮೇಲೆ ಚುಕ್ಕೆ ಇಟ್ಟು ಹೋಗಿದ್ದರು. ಇಟ್ಟ ಚುಕ್ಕೆಯನ್ನು ಕದಲಿಸಿದರೆ ಹಳೆಯ ಅಳತೆಗೂ ಹೊಸ ಅಳತೆಗೂ ತಾಳೆಯಾಗುವುದಿಲ್ಲ. ಹಾಗಾಗಿ ದೋಣಿಯವನು ಇಂಜಿನ್ ತಗ್ಗಿಸಿ, ಸೆಳೆತಕ್ಕೆ ಎದುರಾಗಿ ದೋಣಿಯನ್ನು ತಡೆದು ನಿಲ್ಲಿಸಿದಷ್ಟು ಹೊತ್ತೂ ಅವನು ಬಲದಂಡೆಗೆ ಬೆನ್ನು ಕೊಟ್ಟು, ಕುಕ್ಕರುಗಾಲಲ್ಲಿ ಕೂತು, ಸೀಸೆಯನ್ನು ನೀರಿಗಿಳಿಸುತ್ತಿದ್ದ. ಬೆನ್ನಿಗೂ ಕಣ್ಣಿರುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಅಲ್ಲಿ.

ಇವತ್ತು ಆ ಕಸಿವಿಸಿಯ ಮೇಲೆ ಇನ್ನೊಂದು ಕಸಿವಿಸಿ ಬಂದು ಕೂತಿತ್ತು. ಬೆಳಿಗ್ಗೆ ಹೊರಡುವ ಮೊದಲು ಅವನು ಕೆಲಸ ಮಾಡುವ ಸಂಸ್ಥೆಯ ಸಭೆಯಲ್ಲಿ ಹೊಸ ನಿರ್ದೇಶಕಿ ಪರದೆಯ ಮೇಲೆ ಹೊಳೆಯ ಚಿತ್ರ ಹಾಕಿ, ಯಾರು ಯಾರು ಏನೇನು ಅಳೆಯುತ್ತಾರೆಂದು ಕೇಳುತ್ತಾ ಬಂದಿದ್ದಳು. ಅವನಿಗಿಂತ ತುಂಬ ಚಿಕ್ಕವಳು, ಮೃದು ಮಾತಿನವಳು. ಅವನ ಸರದಿ ಬಂದಾಗ ತಾನೇ ಹಾಳೆ ನೋಡಿ, "ನಿಮ್ಮದು ಬರೀ ಕರಗಿದ್ದು, ಅಲ್ವಾ?" ಎಂದಳು. "ಹೌದು ಮೇಡಂ, ಬರೀ ಕರಗಿದ್ದು," ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಅಂದದ್ದಿರಲಿ, ಆ 'ಬರೀ'ಯನ್ನು ತಾನು ಯಾಕೆ ಎತ್ತಿಕೊಂಡು ತಿರುಗಿ ಒಪ್ಪಿಸಿದೆ? ಮೇಲಿನ ಕೊನೆಯವರೆಗೆ ಹೋಗಿ, ಈಗ ಒಂದೊಂದೇ ಚುಕ್ಕೆಯಲ್ಲಿ ನೀರು ಹಿಡಿಯುತ್ತಾ ಕೆಳಗಿಳಿಯುವಾಗಲೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನಾಲಿಗೆಯನ್ನು ಕರೆಯುತ್ತಿತ್ತು. ನೀರು ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ಎಲೆ, ತೊಗಟೆ, ಬೇರು ನೆನೆದೂ ನೆನೆದೂ ಬಿಟ್ಟ ಬಣ್ಣ. ಅದನ್ನು ಎಂಥ ಸಣ್ಣ ಸೋಸುಹಾಳೆಗೆ ಹಾಕಿದರೂ ಬಣ್ಣ ಹಾಳೆಯ ಮೇಲೆ ನಿಲ್ಲದೆ ನೀರಿನ ಜೊತೆಗೇ ಇಳಿದುಬಿಡುತ್ತದೆ. ಹಾಳೆಯ ಮೇಲೆ ನಿಂತ ಮಣ್ಣು ಕಸವೆಲ್ಲ ಬೇರೆಯವರ ಪಾಲು. ಇಳಿದು ಹೋದದ್ದು ಅವನ ಪಾಲು. ನೆಲದ ಇಂಗಾಲ ಹೀಗೆ ಯಾರ ಕಣ್ಣಿಗೂ ಬೀಳದೆ, ಸದ್ದಿಲ್ಲದೆ, ಹಗಲೂ ರಾತ್ರಿ ಸಮುದ್ರಕ್ಕೆ ಹೋಗುತ್ತಿರುತ್ತದೆ. ಹೊರಟದ್ದೆಲ್ಲ ಮುಟ್ಟುವುದೂ ಇಲ್ಲ, ಒಂದಷ್ಟು ದಾರಿಯಲ್ಲೇ ಗಾಳಿಗೆ ಸೇರಿಹೋಗುತ್ತದೆ. ಇದನ್ನೆಲ್ಲ ಹೇಳಬಹುದಿತ್ತು. ಹೇಳುವ ಮಾತು ಅವನಿಗೆ ಯಾವಾಗಲೂ ದೋಣಿಯಲ್ಲಿ ಹೊಳೆಯುತ್ತಿತ್ತು, ಸಭೆಯಲ್ಲಿ ಅಲ್ಲ. ಗುಮ್ಮನಗುಸುಕ ಎಂದು ಚಿಕ್ಕಂದಿನಲ್ಲಿ ಅಕ್ಕ ಹೆಸರಿಟ್ಟಿದ್ದಳು. ಕರೆದೂ ಕರೆದೂ ಅದು ಸವೆದು ಗುಮ್ಮ ಆಗಿತ್ತು.

ಎರಡು ವರ್ಷದ ಹಿಂದೆ ಭಾವ ತೀರಿಕೊಂಡ ಸುದ್ದಿ ಬಂದಾಗ ಯಂತ್ರ ಓಡುತ್ತಿತ್ತು. ನೀರನ್ನು ಸಣ್ಣ ಕುಲುಮೆಯಲ್ಲಿ ಸುಟ್ಟು, ಹೊರಬಂದ ಗಾಳಿಯನ್ನು ಅಳೆಯುವ ಯಂತ್ರ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ. ಪಕ್ಕದ ಕೋಣೆಯವರಿಗೆ ವಹಿಸಿ ಹೋಗಬಹುದಿತ್ತು ಎಂಬುದು ಅವನಿಗೆ ಆಗಲೂ ಗೊತ್ತಿತ್ತು, ಆದರೂ ಸೀಸೆಗಳೆಲ್ಲ ಮುಗಿಯುವವರೆಗೆ ಕೂತಿದ್ದ. ಅಷ್ಟು ಹೊತ್ತು ಆ ಸುದ್ದಿ ಕೋಣೆಯ ಹೊರಗೆ ಕಾಯುತ್ತಾ ನಿಂತ ಮನುಷ್ಯನ ಹಾಗಿತ್ತು, ಬಾಗಿಲು ತೆಗೆಯದಿದ್ದರೆ ಒಳಗೆ ಬರುತ್ತಿರಲಿಲ್ಲ. ಅವನು ಹೋಗಿ ಮುಟ್ಟಿದಾಗ ಎಲ್ಲ ಮುಗಿದು, ಬಂದವರು ಹೋಗಿ, ಅಕ್ಕ ಬಾಡಿಗೆಗೆ ತಂದ ಕುರ್ಚಿಗಳನ್ನು ಮಡಚುತ್ತಿದ್ದಳು. "ಯಂತ್ರ ಓಡ್ತಿತ್ತು," ಎಂದ. ನೆರೆಮನೆಯ ಮುದುಕಿಯೊಬ್ಬಳು, ಯಾವ ಯಂತ್ರ ಎಂದು ಕೇಳಿದಳು. ಕೇಳಿದಳೆಂದು ಅವನು ಹೇಳತೊಡಗಿದ. ಅಲ್ಲಿ, ಅಂಗಳದಲ್ಲಿ ನಿಂತು, ಕುಲುಮೆಯ ಬಿಸಿ ಎಷ್ಟು, ನೀರನ್ನು ಸುಡುವುದು ಅಂದರೇನು ಎಂದು ಪೂರ್ತಿ ವಿವರಿಸಿದ. ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಮಡಚಿದ ಕುರ್ಚಿಯನ್ನು ತೊಡೆಗೆ ಒರಗಿಸಿಕೊಂಡು ಅಕ್ಕ ಕೊನೆಯವರೆಗೂ ಕೇಳಿದಳು. ಆಮೇಲೆ, "ಊಟ ಮಾಡ್ತೀಯಾ?" ಎಂದಳು. ಅವಳು ಬೈದಿದ್ದರೆ ಅವನು ಮತ್ತೆ ಹೋಗುತ್ತಿದ್ದ. ಈ ತಿಂಗಳು ಬೇಡ, ಮುಂದಿನ ತಿಂಗಳು ಎಂದುಕೊಂಡ. ಮುಂದಿನ ತಿಂಗಳಿಗೆ ಹೋಗದ ಒಂದು ತಿಂಗಳ ನಾಚಿಕೆಯೂ ಸೇರಿಕೊಂಡಿತು. ಹಾಗೆ ತಿಂಗಳಿಂದ ತಿಂಗಳಿಗೆ ಮೆಟ್ಟಿಲು ಎತ್ತರವಾಗುತ್ತಾ ಹೋಗಿ, ಕೊನೆಗೆ ಬೋಳುಮರವೊಂದೇ ಉಳಿಯಿತು.

ಇವತ್ತು ಸೀಸೆ ತುಂಬಿ, ಮುಚ್ಚಳ ಬಿಗಿದು, ಐಸಿನ ಪೆಟ್ಟಿಗೆಗೆ ಹಾಕುವ ಹೊತ್ತಿಗೆ ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ದೋಣಿಯವನು ಹಿಂದಕ್ಕೆ ಬಗ್ಗಿ ನೋಡಿ, "ಫ್ಯಾನಿಗೆ ಬಲೆ ಸುತ್ಕೊಂಡಿದೆ ಸಾರ್. ಯಾರೋ ಪುಣ್ಯಾತ್ಮರು ಹರಿದ ಬಲೆ ಬಿಸಾಕಿದಾರೆ. ದಡಕ್ಕೆ ಕಟ್ಟಿ ಬಿಡಿಸ್ಬೇಕು," ಎಂದ.

"ಆ ಕಡೆ ಹೋಗೋಣ," ಎಂದು ಅವನು ಎಡದಂಡೆ ತೋರಿಸಿದ.

"ಆ ಕಡೆ ಎಲ್ಲಿ ಸಾರ್ ಕಟ್ಟೋದು? ಜೊಂಡಿಗಾ? ಇಲ್ಲೇ ಗೂಟ ಇದೆಯಲ್ಲ," ಎಂದು ದೋಣಿಯವನು ಹುಟ್ಟು ಹಾಕತೊಡಗಿದ.

ಹೀಗೆ ದಡ ತಾನಾಗಿ ಹತ್ತಿರ ಬಂತು. ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ದಂತವೈದ್ಯರ ಕುರ್ಚಿಯಲ್ಲಿ ಕೂತವನಂತೆ, ಆಗುವುದಕ್ಕೆ ಕಾದ. ದೋಣಿಯವನು ಗೂಟಕ್ಕೆ ಹಗ್ಗ ಸುತ್ತಿ, ಅಂಗಿ ಬಿಚ್ಚಿಟ್ಟು, ಬಾಯಲ್ಲಿ ಚಾಕು ಕಚ್ಚಿಕೊಂಡು ಸೊಂಟದವರೆಗೆ ನೀರಿಗಿಳಿದ. ಅವನ ಕಾಲುಗಳು ಆ ಕಪ್ಪುಗಂದು ನೀರಿನಲ್ಲಿ ಮೊಣಕಾಲಿಗೇ ಮುಗಿದುಹೋದಂತೆ ಕಾಣುತ್ತಿದ್ದವು. ಮೇಲೆ ಬಾಗಿಲು ಕಿರುಗುಟ್ಟಿತು.

"ಮೇಲೆ ಬಾರೋ ಗುಮ್ಮಾ. ಬಿಸಿಲಲ್ಲಿ ಯಾಕೆ ಕೂತಿದ್ದೀಯ?"

ಎರಡು ವರ್ಷದಲ್ಲಿ ಏನೂ ನಡೆದೇ ಇಲ್ಲವೆಂಬಂಥ ದನಿ. ಅವನು ಎದ್ದ. ಮೆಟ್ಟಿಲು ಮೊದಲಿನ ಹಾಗಿರಲಿಲ್ಲ. ಹಳೆಯ ಮೆಟ್ಟಿಲುಗಳ ಕೆಳಗೆ ಹೊಸ ಹಲಗೆ, ಅದರ ಕೆಳಗೆ ಇನ್ನೂ ಹೊಸ ಹಲಗೆ ಹೊಡೆದಿತ್ತು. ನೆಲ ಕೆಳಗೆ ಹೋದ ಹಾಗೆ ಮೆಟ್ಟಿಲು ಹಿಂದೆಯೇ ಇಳಿದುಕೊಂಡು ಹೋಗಿತ್ತು. ಮನೆಯ ಕಂಬಗಳು ಒಸಡು ಸವೆದ ಹಲ್ಲಿನಂತೆ ಬುಡದವರೆಗೆ ತೆರೆದು, ಹೊಳೆಯ ಕಡೆಯವು ತುಸು ವಾಲಿದ್ದವು. ಅವನಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗದಿದ್ದದ್ದೇ ಎದೆಗೆ ಇರಿಯಿತು. ಈ ನೆಲ ನೆಲವೇ ಅಲ್ಲ. ಜೌಗಿನಲ್ಲಿ ಬಿದ್ದ ಎಲೆ, ಮರ ಕೊಳೆಯಲಾರದೆ ಪದರ ಪದರವಾಗಿ ಕೂತು ಆದ ಕಪ್ಪು ಹಾಸಿಗೆ. ತೋಟ ಮಾಡಲೆಂದು ಕಾಲುವೆ ತೋಡಿ ನೀರು ಬಸಿದಾಗಿನಿಂದ ಅದು ಒಣಗಿ, ಕುಗ್ಗಿ, ಮಳೆ ಬಂದಾಗ ಕರಗಿ ಹೊಳೆ ಸೇರುತ್ತಿತ್ತು. ಇಲ್ಲಿಯ ಸೀಸೆಗಳನ್ನು, ಕರಗಿದ ಇಂಗಾಲದ ವಯಸ್ಸು ನೋಡಲೆಂದು, ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದಾಗ ಉತ್ತರ ಬಂದಿತ್ತು: ಇದು ಮೊನ್ನೆ ಬಿದ್ದ ಎಲೆಯಲ್ಲ, ಸಾವಿರಾರು ವರ್ಷದ ಹಳೆಯದು. ಆ ದಿನ ಅವನಿಗೆ ಸಂತೋಷವಾಗಿತ್ತು. ಸಹೋದ್ಯೋಗಿಗಳಿಗೆ ಚಹಾ ಕೊಡಿಸಿದ್ದ.

ಒಳಗೆ ಕಾಲಿಟ್ಟ ಕೂಡಲೇ ದೇಹ ತಾನಾಗಿ ಮುಂದಕ್ಕೆ ಎರಡು ಹೆಜ್ಜೆ ಹೆಚ್ಚು ಹಾಕಿತು. ನೆಲ ಇಳಿಜಾರಾಗಿತ್ತು. ಮಂಚದ ಒಂದು ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿತ್ತು. ಗೋಡೆಯ ಉದ್ದಕ್ಕೂ ಚೀಲ, ಟ್ರಂಕು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಒಬ್ಬಳೇ ಇರುವವಳು ಮನೆಯನ್ನು ಹೀಗೆ ಚೆಲ್ಲಾಪಿಲ್ಲಿ ಇಟ್ಟುಕೊಂಡಿದ್ದಾಳೆಂದು ಅವನು ಅಂದುಕೊಂಡ. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಅವನನ್ನು ಕೂರಿಸಿ ಚಹಾ ತಂದು ಮೇಜಿನ ಮೇಲಿಟ್ಟಳು. ಗಾಜಿನ ಲೋಟದಲ್ಲಿ ಚಹಾ ಒಂದು ಪಕ್ಕಕ್ಕೆ ಏರಿ ನಿಂತಿತ್ತು. ಇಡೀ ಮನೆಯಲ್ಲಿ ಸಮಮಟ್ಟದಲ್ಲಿದ್ದದ್ದು ಆ ಚಹಾ ಒಂದೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಿಡ್ಕೊಂಡೇ ಕುಡಿ," ಎಂದಳು ಅಕ್ಕ, "ಬಿಟ್ರೆ ಲೋಟ ಸಮುದ್ರಕ್ಕೆ ಹೊರಡುತ್ತೆ." ತಾನೇ ನಕ್ಕಳು. "ನೀನು ತಿಂಗಳಿಗೊಂದ್ಸಲ ಬರ್ತೀಯಲ್ಲ, ಅಲ್ಲಿ ನಡುವೆ ನಿಂತು ಏನನ್ನ ಹುಡುಕ್ತೀಯೋ?"

ನೋಡಿದ್ದಾಳೆ. ಪ್ರತಿ ಸಲವೂ ನೋಡಿದ್ದಾಳೆ. ಅವನ ಕಿವಿ ಬಿಸಿಯಾಯಿತು. "ಕರೀಬಹುದಿತ್ತಲ್ಲ," ಎಂದ, ತಪ್ಪನ್ನು ಅವಳ ಮಡಿಲಿಗೆ ಹಾಕುತ್ತಾ.

"ನೀನು ಕೆಲಸದಲ್ಲಿರ್ತಿದ್ದೆ. ನಿನ್ನ ಯಂತ್ರದ ವಿಷಯ ನಂಗೆ ಗೊತ್ತಿಲ್ವಾ." ಕುಟುಕುವ ದನಿಯಾಗಿರಲಿಲ್ಲ ಅದು. "ಹೇಳು, ಏನದು?"

ಅವನು ಹೇಳಿದ. ಈ ಬಾರಿ ಅಂಗಳದಲ್ಲಿ ಹೇಳಿದ ಹಾಗಲ್ಲದೆ, ಕಷ್ಟಪಟ್ಟು, ಸಣ್ಣ ಸಣ್ಣ ಮಾತಿನಲ್ಲಿ. ಈ ನೆಲ ಕರಗುತ್ತದೆ. ಕರಗಿದ್ದು ಹೊಳೆಗೆ ಬರುತ್ತದೆ. ಅದು ಎಷ್ಟು ಹೋಗುತ್ತದೆ ಎಂದು ನಾನು ನೋಡುತ್ತೇನೆ.

"ಅಂದ್ರೆ ನೀನು ನನ್ನ ಮನೆ ಬುಡಾನ ಸೀಸೇಲಿ ತುಂಬ್ಕೊಂಡು ಹೋಗ್ತಿದ್ದೆ."

"ಹಾಗಲ್ಲ ಅಕ್ಕ..."

"ಹಾಗೇ ಕಣೋ. ತಮಾಷೆಗಂದೆ." ಸೀರೆಯ ಸೆರಗಿನಿಂದ ಮೇಜಿನ ಅಂಚನ್ನು ಒರೆಸಿದಳು, ಅಲ್ಲಿ ಏನೂ ಇರಲಿಲ್ಲ. "ಇದು ಇಳೀತಾ ಇದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಕೆಳಗಿನಿಂದ ದೋಣಿಯವನು ಬಲೆಯನ್ನು ಕೊಯ್ಯುವ ಸದ್ದು, ನಡುನಡುವೆ ಬಲೆ ಬಿಸಾಕಿದವನ ಮನೆತನವನ್ನು ಅವನು ಹರಸುವ ಸದ್ದು ಕೇಳುತ್ತಿತ್ತು. "ನಂಗೂ ಗೊತ್ತಿತ್ತು ಬಿಡು," ಎಂದಳು ಅಕ್ಕ. "ಬಾಗಿಲು ಹಾಕ್ಕೊಳ್ತಾನೇ ಇರಲಿಲ್ಲ. ನಿಮ್ಮ ಭಾವ ಇದ್ದಾಗ ಪ್ರತಿ ಮಳೆಗಾಲ ಮುಗಿದ ಮೇಲೆ ಬಾಗಿಲ ಅಂಚು ಕೆತ್ತೋರು. ಕೆತ್ತೀ ಕೆತ್ತೀ ಅದು ಬಾಗಿಲಾಗಿ ಉಳೀಲಿಲ್ಲ. ಈಗ ನಾನು ಹಗ್ಗ ಕಟ್ಟಿ ಮಲಗ್ತೀನಿ." ಹೇಳಿ, ಸಾಮಾನುಗಳ ಕಡೆ ನೋಡಿದಳು. "ನಾಡಿದ್ದು ಲಾರಿ ಬರುತ್ತೆ."

"ಯಾವ ಲಾರಿ?"

"ಮಗಳ ಮನೆಗೆ ಹೋಗ್ತಿದ್ದೀನಿ ಕಣೋ. ನಿಂಗೆ ಗೊತ್ತಿಲ್ವಾ? ಹೌದು, ಹೇಗೆ ಗೊತ್ತಿರುತ್ತೆ. ಅವಳೇ ಅಂದ್ಲು, ಮಾವನಿಗೆ ಯಾಕೆ ಸುಮ್ನೆ ತೊಂದರೆ, ಅವರು ಕೆಲಸದಲ್ಲಿರ್ತಾರೆ ಅಂತ. ಬೆಟ್ಟದ ಮೇಲಿನ ಊರು. ಕಲ್ಲು ನೆಲವಂತೆ." ಕಲ್ಲು ಎಂಬುದನ್ನು ಅವಳು ಬೆಲೆಬಾಳುವ ಬಟ್ಟೆಯ ಹೆಸರು ಹೇಳುವ ಹಾಗೆ ಹೇಳಿದಳು. "ಅಳಿಯ ಒಳ್ಳೆಯವನು. ಕೋಣೆಗೆ ಸುಣ್ಣ ಹೊಡೆಸಿದಾನಂತೆ."

ಆ ಹುಡುಗಿಯನ್ನು ಅವನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಮೆಟ್ಟಿಲು ಹತ್ತಿದ್ದ. ಸೋದರಮಾವ. ಮಾವನಿಗೆ ಯಾಕೆ ತೊಂದರೆ. ಅದರಲ್ಲಿ ಕೋಪದ ಎಳೆಯಿದ್ದಿದ್ದರೆ ಹಿಡಿದುಕೊಂಡು ಜಗಳವಾಡಬಹುದಿತ್ತು. ಇದು ಊಟಕ್ಕೆ ಕೂತವರ ಸಾಲಿನಲ್ಲಿ ಇವರಿಗೆ ಬೇಡವಂತೆ ಎಂದು ದಾಟಿಹೋದ ಹಾಗಿತ್ತು. ಅವನಿಗೆ ತನ್ನ ಎರಡು ಕೋಣೆಯ ಮನೆ ಕಣ್ಣಿಗೆ ಬಂತು. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಗೋಡೆಯುದ್ದಕ್ಕೂ ಸೀಸೆಗಳ ಪೆಟ್ಟಿಗೆ, ಕಿಟಕಿಯ ಬಳಿ ಒಬ್ಬನೇ ಕೂತು ಉಣ್ಣುವ ಮೇಜು. ಸಂಜೆ ಬಾಗಿಲು ಹಾಕಿಕೊಂಡರೆ ಬೆಳಿಗ್ಗೆಯವರೆಗೆ ಒಂದು ಮಾತೂ ಆಡಬೇಕಿಲ್ಲದ ಆ ನೆಮ್ಮದಿ. ಪೆಟ್ಟಿಗೆಗಳನ್ನು ಸಂಸ್ಥೆಗೆ ಸಾಗಿಸಿದರೆ ಆ ಕೋಣೆ ಖಾಲಿ. ಒಂದು ದಿನದ ಕೆಲಸ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಮ್ಮನೇಗೇ ಬಂದುಬಿಡಬಹುದಿತ್ತು ನೀನು," ಎಂದ.

ಅಕ್ಕ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಅವನು ಓದಿ ಒಪ್ಪಿಸುತ್ತಿದ್ದಾಗ ಹೀಗೇ, ಪುಸ್ತಕ ಮುಚ್ಚಿಟ್ಟುಕೊಂಡು, ತಪ್ಪು ಬರುವ ಜಾಗಕ್ಕೆ ಕಾಯುತ್ತಿದ್ದಳು.

"ಬಂದುಬಿಡಬಹುದಿತ್ತು ಅಂತೀಯ," ಎಂದಳು ನಿಧಾನವಾಗಿ. "ಬಾ ಅನ್ನಲ್ಲ."

ಅವನು ಬಾಯಿ ತೆರೆದ. ಅವಳು ಅವನಿಗೆ ಅವಕಾಶ ಕೊಡಲಿಲ್ಲ. ಅಥವಾ ಅವಕಾಶ ಕೊಡದೆ ಕಾಪಾಡಿದಳು. "ಇರಲಿ ಬಿಡೋ. ಒಬ್ಬನೇ ಇದ್ದು ಅಭ್ಯಾಸ ಆದೋನು ನೀನು. ನಾನು ಬಂದ್ರೆ ಸೀಸೆ ಎಲ್ಲಿಡ್ತೀಯ," ಎಂದು ಎದ್ದು ಲೋಟ ತೆಗೆದುಕೊಂಡು ಹೋದಳು. ಅದರಲ್ಲಿ ಇನ್ನೂ ಚಹಾ ಇತ್ತು. ಕೆಳಗೆ ಇಂಜಿನ್ ಶುರುವಾಯಿತು. "ಸಾರ್, ಆಯ್ತು! ನೀರು ಇಳೀತಾ ಇದೆ, ಹೊರಡಬೇಕು!" ಎಂದು ದೋಣಿಯವನು ಕೂಗಿದ. ಆ ಕೂಗಿಗೆ ಅವನು ಎಷ್ಟು ಬೇಗ ಎದ್ದನೆಂದರೆ ಮಂಡಿ ಮೇಜಿಗೆ ಬಡಿಯಿತು. ಬಾಗಿಲಲ್ಲಿ ಅಕ್ಕ, "ಹುಷಾರು, ಕೊನೇ ಮೆಟ್ಟಿಲು ಹೊಸದು, ಜಾರುತ್ತೆ," ಎಂದಳು. ಅಷ್ಟೇ. ಅವನು ಜಾರದೆ ಇಳಿದ.

ದೋಣಿ ಹಗ್ಗ ಬಿಚ್ಚಿಕೊಂಡು ನಡುಹೊಳೆಗೆ ಬಂತು. ಮುಂದಿನ ಚುಕ್ಕೆ ಇದ್ದದ್ದು ತುಂಬ ಕೆಳಗೆ, ಸಮುದ್ರದ ಉಪ್ಪು ನೀರಿಗೆ ಬರುವಲ್ಲಿ. ಇಳಿತ ಮುಗಿಯುವುದರೊಳಗೆ ಅಲ್ಲಿರಬೇಕಿತ್ತು. ಮುಂದಿನ ತಿಂಗಳು ಈ ತಿರುವಿನಲ್ಲಿ ಯಾವ ಕಡೆ ಬೇಕಾದರೂ ನೋಡಬಹುದು ಎಂಬ ಯೋಚನೆ ಬಂತು. ಆ ಯೋಚನೆ ಬಂದದ್ದೇ ತಡ, ಅವನು ದೋಣಿಯವನ ಕಡೆ ಹೊರಳಿದ. "ತಿರುಗಿಸು," ಎಂದ.

"ಏನಾದ್ರೂ ಬಿಟ್ ಬಂದ್ರಾ ಸಾರ್?"

"ಹೂಂ. ತಿರುಗಿಸು."

ದೋಣಿಯವನು ಗೊಣಗುತ್ತಾ ತಿರುಗಿಸಿದ. ಇಂಜಿನ್ ಸದ್ದು ಮರಳಿದ್ದು ಕೇಳಿ ಅಕ್ಕ ಮೆಟ್ಟಿಲಿಳಿದು ಕೆಳಗಿನವರೆಗೆ ಬಂದಿದ್ದಳು. ಅವಳ ಕೈಯಲ್ಲಿ ತನ್ನದೇನಾದರೂ ಇದೆಯೋ ಎಂದು ಅವನೂ ನೋಡಿದ, ಏನೂ ಇರಲಿಲ್ಲ. "ಏನೋ ಮರೆತೆ?" ಎಂದಳು. ದೋಣಿ ಅಲುಗಾಡುತ್ತಿತ್ತು. ಅವನು ಎದ್ದು ನಿಲ್ಲಲು ಹೋಗಿ, ನಿಲ್ಲಲಾರದೆ, ಒಂದು ಕೈಯಲ್ಲಿ ಗೂಟ ಹಿಡಿದುಕೊಂಡು ಅರ್ಧ ಬಗ್ಗಿದ ಹಾಗೆಯೇ ಹೇಳಿದ:

"ಬಾ ಅಕ್ಕ."

"ಎಲ್ಲಿಗೆ?"

"ನಮ್ಮನೆಗೆ. ನಾಡಿದ್ದು ಬೇಡ. ಈಗಲೇ ಬಾ. ಲಾರೀನ ಅಲ್ಲಿಗೇ ತರಿಸೋಣ."

ಅಕ್ಕನ ಮುಖದಲ್ಲಿ ಏನೋ ಹಾದುಹೋಯಿತು. ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟಳು, ನೀರಿನ ಸೆಳೆತಕ್ಕೆ ದೋಣಿ ಹಿಂದೆ ಸರಿದು ಆ ಕೈ ಹಣೆಗೆ ಜಾರಿತು. "ಇದನ್ನ ಹೇಳೋಕೆ ತಿರುಗಿ ಬಂದ್ಯಾ?" ಎಂದಳು. "ಬಂದ್ಯಲ್ಲ, ಅದೇ ಹೆಚ್ಚು. ಆದ್ರೆ ಬರಲ್ಲ ಕಣೋ. ನಿನ್ನ ಮೇಲೆ ಸಿಟ್ಟಿಗಲ್ಲ, ಖಂಡಿತ. ನಂಗೂ ಈ ನೀರು ನೋಡಿ ನೋಡಿ ಸಾಕಾಗಿದೆ. ಹೋಗು, ಹೊತ್ತಾಗುತ್ತೆ ನಿಂಗೆ."

ಬರಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಅವನ ಎದೆ ಹಗುರವಾಯಿತು. ಅದು ಹಗುರವಾದದ್ದನ್ನು ಅವನು ಸ್ಪಷ್ಟವಾಗಿ ಕಂಡ. ಅವಳೂ ಕಂಡಿರಬೇಕು ಎಂದು ತಲೆ ತಗ್ಗಿಸಿದ. ತಲೆ ತಗ್ಗಿಸಿದವನಿಗೆ ಕಂಡದ್ದು ಅವಳ ಪಾದ, ಹೊಸ ಹಲಗೆ, ಹಲಗೆಯ ಕೆಳಗೆ ಕಪ್ಪು ನೆಲದಿಂದ ಸಣ್ಣಗೆ, ಬಿಡದೆ ಜಿನುಗಿ ಹೊಳೆಗಿಳಿಯುವ ಕಂದು ನೀರು.

ತಿರುವು ದಾಟಿ, ಹೊಳೆ ಅಗಲವಾದ ಮೇಲೆ ದೋಣಿಯವನು, "ಸ್ವಂತ ಅಕ್ಕಾನಾ ಸಾರ್?" ಎಂದು ಕೇಳಿದ.

"ಹೂಂ. ಒಡಹುಟ್ಟಿದವಳು."

"ಅಯ್ಯೋ, ನಂಗೆ ಗೊತ್ತೇ ಇರಲಿಲ್ಲ." ದೋಣಿಯವನು ನಾಚಿಕೊಂಡವನಂತೆ ನಕ್ಕ. "ನಾವು ಅಲ್ಲಿ ನಿಂತಾಗೆಲ್ಲ ಆ ಅಮ್ಮ ಮೇಲಿಂದ ಕೈ ಬೀಸೋರು. ನೀವು ಆ ಕಡೆ ತಿರುಗಿ ನೀರು ಹಿಡೀತಿದ್ರಿ. ನಂಗೇ ಬೀಸ್ತಿದಾರೆ ಅಂದ್ಕೊಂಡು ನಾನೂ ಬೀಸ್ತಿದ್ದೆ."

"ಯಾವಾಗಿಂದ?"

"ಮೊದಲಿಂದಾನೂ. ಒಂದ್ಸಲಾನೂ ತಪ್ಪಿಸಿಲ್ಲ ಅವರು. ಮನೇಲಿ ನನ್ನ ಹೆಂಡತಿಗೂ ಹೇಳಿದ್ದೆ, ಮೇಲ್ಗಡೆ ಒಬ್ರು ಇದಾರೆ, ನನ್ನ ಕಂಡ್ರೆ ಕೈ ಎತ್ತುತಾರೆ ಅಂತ. ಅವಳು ನಂಬಲೇ ಇಲ್ಲ."

ಅವನು, "ನಾಡಿದ್ದು ಹೋಗ್ತಾಳೆ," ಎಂದ. "ಮಗಳ ಮನೆಗೆ. ಇನ್ನು ಅಲ್ಲಿ ಇರಲ್ಲ."

"ಹೌದಾ?" ದೋಣಿಯವನು ಇಂಜಿನ್ ತಗ್ಗಿಸಿ, ತಿರುಗಿ ಹಿಂದೆ ನೋಡಿದ. ಮನೆ ಕಾಣುವ ಜಾಗ ಯಾವಾಗಲೋ ದಾಟಿತ್ತು. ಹಿಂದೆ ಜೊಂಡು, ನೀರು, ನೀರಿನ ಮೇಲೆ ಬಿಸಿಲು. ಆದರೂ ನೋಡುತ್ತಲೇ ಇದ್ದ.

"ಛೆ," ಎಂದ ದೋಣಿಯವನು. "ಮೊದಲೇ ಹೇಳಿದ್ರೆ ನಾನೂ ಒಂದು ಮಾತಾಡಿಸಿ ಬರ್ತಿದ್ದೆನಲ್ಲ ಸಾರ್."